ಬಿಳಿ ಹಂಚಿನ ಜೋಪಾನ

ಆ ಪ್ಯಾನಿನ ಡಬ್ಬಿಯಲ್ಲಿ ಒಂದು ಕಿರುಪುಸ್ತಕ ಬಂದಿತ್ತು. ಅದರಲ್ಲಿ ಹನ್ನೆರಡು ಸೂಚನೆಗಳಿದ್ದವು. ಉರಿ ಸಣ್ಣದಿರಲಿ. ಖಾಲಿ ಪ್ಯಾನನ್ನು ಒಲೆಯ ಮೇಲೆ ಬಿಡಬಾರದು. ಲೋಹದ ಸೌಟು ತಾಗಬಾರದು. ತಂತಿಯ ಬ್ರಷ್ಷು, ಬೂದಿ, ಮರಳು ಯಾವುದೂ ಹತ್ತಿರ ಸುಳಿಯಬಾರದು. ಒಂದರ ಮೇಲೊಂದು ಪಾತ್ರೆ ಇಡುವುದಾದರೆ ನಡುವೆ ಬಟ್ಟೆ ಹಾಸಬೇಕು. ಬಿಸಿ ಆರುವ ತನಕ ಹನಿ ನೀರೂ ಸೋಕಬಾರದು. ಇದನ್ನೆಲ್ಲ ಬರೆದ ಪುಣ್ಯಾತ್ಮನಿಗೆ ಜಗತ್ತಿನಲ್ಲಿ ಥಾಲಿಪಟ್ಟು ಎಂಬ ತಿನಿಸು ಇದೆ ಅನ್ನುವುದೇ ಗೊತ್ತಿದ್ದಂತಿರಲಿಲ್ಲ. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ತಪ್ಪನ್ನು ಪೂರ್ತಿ ಅವನ ತಲೆಗೆ ಕಟ್ಟಲು ಬರುವುದಿಲ್ಲ. ಓದಿದವನು ನಾನು, ಓದಿ ಮನೆ ತುಂಬ ಕೂಗಾಡಿದವನೂ ನಾನೇ.

ನಾನು ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಲೇಥು, ವೆಲ್ಡಿಂಗು, ಕುಲುಮೆ ಕಲಿಸಿದವನು. ಯಂತ್ರದ ಜೊತೆ ಬಂದ ಪುಸ್ತಕ ಓದದೆ ಗುಂಡಿ ಒತ್ತಿದ ವಿದ್ಯಾರ್ಥಿಯನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದೆ. ನಿವೃತ್ತನಾದ ಮೇಲೆ ದರ್ಬಾರು ಮಾಡಲು ವರ್ಕ್‌ಶಾಪು ಇರಲಿಲ್ಲ, ಅಡಿಗೆಮನೆ ಇತ್ತು. ಹೆಂಡತಿ ರಾಯಾಪುರದ ಕಡೆ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಅವಳ ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ಎಂಟೂವರೆಗೆ ಉಣಕಲ್ಲಿನಲ್ಲಿ ಚಿಗರಿ ಬಸ್ಸು ಹತ್ತಿ ಹೋದರೆ ಸಂಜೆಗೇ ಬರುವುದು. ಮನೆಯಲ್ಲಿ ಉಳಿಯುತ್ತಿದ್ದವರು ನಾನು ಮತ್ತು ನನ್ನ ಅವ್ವ. ಅವ್ವನಿಗೆ ಎಂಬತ್ತು ದಾಟಿದೆ. ಮಧ್ಯಾಹ್ನದ ಅಡಿಗೆ, ಸಂಜೆಯ ಅಡಿಗೆ ಯಾರು ಬೇಕಾದರೂ ಮಾಡಿಕೊಳ್ಳಿ, ಬೆಳಗಿನ ಒಲೆ ಮಾತ್ರ ತನ್ನದು ಎಂಬುದು ಅವಳ ಕಾಯಿದೆಯಾಗಿತ್ತು.

ಎರಡು ವರ್ಷದ ಹಿಂದೆ ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲ ಮುಂಗೈ ಮುರಿದುಕೊಂಡಳು. ಒಂದೂವರೆ ತಿಂಗಳು ಪ್ಲಾಸ್ಟರಿನಲ್ಲಿ ಕಳೆಯಿತು. ಬಿಚ್ಚಿದಾಗ ಎಲುಬು ಕೂಡಿತ್ತು, ಕೈ ಮಾತ್ರ ಬಿರುಸಾಗಿತ್ತು. ಬೆರಳು ಪೂರಾ ಮಡಚುತ್ತಿರಲಿಲ್ಲ, ಮಣಿಕಟ್ಟು ತಿರುಗುತ್ತಿರಲಿಲ್ಲ. ಫಿಜಿಯೋಥೆರಪಿ ಮಾಡುವ ಡಾಕ್ಟರಮ್ಮ ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಬೆಳಿಗ್ಗೆ ಸಂಜೆ ಹಿಚುಕಬೇಕು ಎಂದರು. ಅವ್ವ ಚೆಂಡನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಈ ವಯಸ್ಸಿನ್ಯಾಗ ಚೆಂಡ ಆಡ್ಲೇನ?"

ಡಾಕ್ಟರಮ್ಮ ನಕ್ಕರು. "ಹಂಗಾರ ಮನ್ಯಾಗ ಕೈಲೆ ಏನ್ ಕೆಲಸಾ ಮಾಡತಿದ್ರಿ ಅಮ್ಮಾರ?"

"ಥಾಲಿಪಟ್ಟು ತಟ್ಟತಿದ್ದೆ."

"ಭಾಳ ಛಲೋ ಆತು. ಅದನ್ನಽ ಮಾಡ್ರಿ. ದಿನಾ ಹಿಟ್ಟು ನಾದ್ರಿ, ನಾಕು ತಟ್ರಿ. ನೋವಾದ್ರೂ ಬಿಡಬ್ಯಾಡ್ರಿ." ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ಸರ, ಈ ವಯಸ್ಸಿನ್ಯಾಗ ಕೈ ಒಮ್ಮೆ ನಿಂತರ ಮತ್ತ ಚಾಲೂ ಆಗೂದು ಕಷ್ಟ ಐತ್ರಿ. ನಿಲ್ಲಾಕ ಬಿಡಬ್ಯಾಡ್ರಿ."

ನಾನು ತಲೆಯಾಡಿಸಿದೆ. ಕೇಳಿಸಲಿಲ್ಲ ಎಂದು ಹೇಳುವಂತಿಲ್ಲ.

ನಮ್ಮ ಮನೆಯಲ್ಲಿ ಥಾಲಿಪಟ್ಟು ಬೇಯಿಸುವ ಕಬ್ಬಿಣದ ಹಂಚು ಬಲು ಭಾರ. ಎರಡೂ ಕೈ ಹಾಕಿದರೂ ಅವ್ವನಿಗೆ ಅದು ಏಳಲಿಲ್ಲ. ಹಗುರವಾದದ್ದು ಬೇಕಿತ್ತು. ಹಾಗಾಗಿ ನಾನು ಮಾರ್ಕೆಟ್ಟಿಗೆ ಹೋಗಿ ಪಾತ್ರೆ ಅಂಗಡಿಯಲ್ಲಿ ಈ ಸಿರಾಮಿಕ್ ನಾನ್‌ಸ್ಟಿಕ್ ಪ್ಯಾನು ಆರಿಸಿದೆ. ಒಳಗೆಲ್ಲ ಕೆನೆಬಿಳುಪು, ಹೊರಗೆ ಹಸಿರು, ಒಂದು ಕೈಯಲ್ಲಿ ಎತ್ತಿದರೂ ಏಳುತ್ತದೆ. "ಎಣ್ಣಿ ಹನಿ ಬಿಟ್ರ ಸಾಕ್ರಿ ಸರ, ಜಾರಿ ತಾಟಿಗೆ ಬೀಳತೈತಿ" ಎಂದು ಅಂಗಡಿಯವನು ಹೊಗಳಿದ. ಮನೆಗೆ ತಂದು ಅವ್ವನ ಮುಂದೆ ಇಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಬಿಳಿ ಹಂಚು ಎಂದು ಹೆಸರಿಟ್ಟಳು. ಖುಷಿಯಾಗಿದ್ದಳು. ನಾನು ಕುರ್ಚಿ ಎಳೆದುಕೊಂಡು ಕೂತು ಹನ್ನೆರಡೂ ಸೂಚನೆಗಳನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವಳು ಹೂಂ, ಹೂಂ ಅನ್ನುತ್ತ ಉಳ್ಳಾಗಡ್ಡಿ ಸುಲಿಯುತ್ತಿದ್ದಳು.

ಇಲ್ಲಿ ಥಾಲಿಪಟ್ಟಿನ ವಿಚಾರ ಸ್ವಲ್ಪ ಹೇಳಬೇಕು. ನಮ್ಮ ಮನೆಗಳಲ್ಲಿ ಅದನ್ನು ಲಟ್ಟಿಸುವುದಿಲ್ಲ. ಜೋಳದ ಹಿಟ್ಟು, ಕಡಲೆ ಹಿಟ್ಟು, ಉಳ್ಳಾಗಡ್ಡಿ, ಕೊತ್ತಂಬರಿ, ಅಜವಾನ, ಖಾರ ಹಾಕಿ ಕಲಸಿ, ಉಂಡೆ ಮಾಡಿ, ತಣ್ಣಗಿರುವ ಹಂಚಿಗೆ ಎಣ್ಣೆ ಸವರಿ ಅದರ ಮೇಲೆಯೇ ಬೆರಳಿನಿಂದ ಅಗಲಿಸುತ್ತ ತಟ್ಟಬೇಕು. ಅಲ್ಲಲ್ಲಿ ತೂತು ಮಾಡಿ ಆಮೇಲೆ ಒಲೆ ಹಚ್ಚಬೇಕು. ಮೊದಲನೆಯದಕ್ಕೆ ತೊಂದರೆಯಿಲ್ಲ. ಎರಡನೆಯದಕ್ಕೆ ಬರುವ ಹೊತ್ತಿಗೆ ಹಂಚು ಕಾದು ಕೆಂಡವಾಗಿರುತ್ತದೆ, ಬೆರಳು ಇಡಲಾಗುವುದಿಲ್ಲ. ಅದಕ್ಕೆ ತಲೆತಲಾಂತರದಿಂದ ಬಂದ ಉಪಾಯವೆಂದರೆ ಹಂಚನ್ನು ಬೋರಲು ಮಾಡಿ ನಳದ ಕೆಳಗೆ ಹಿಡಿಯುವುದು. ಚುಂಯ್ ಎಂದು ಹಬೆ ಎದ್ದು, ಹಂಚು ತಣ್ಣಗಾಗಿ, ಒರೆಸಿ ಮತ್ತೆ ತಟ್ಟಲು ಕೂರುತ್ತಾರೆ. ಕಬ್ಬಿಣ ಅದನ್ನೆಲ್ಲ ಸಹಿಸಿಕೊಳ್ಳುತ್ತದೆ.

ಮೊದಲ ದಿನ ಬೆಳಿಗ್ಗೆ ಬಿಳಿ ಹಂಚಿನ ಮೇಲೆ ಮೊದಲನೆಯ ಥಾಲಿಪಟ್ಟು ಎದ್ದದ್ದು ನೋಡಿ ಮೂವರೂ ಹಿಗ್ಗಿದೆವು. ಸೌಟು ಸಹ ಬೇಕಾಗಲಿಲ್ಲ, ಅಲ್ಲಾಡಿಸಿದರೆ ತಾನಾಗಿ ಸರಿಯಿತು. ಅವ್ವ ಅದನ್ನು ತಾಟಿಗೆ ಹಾಕಿ, ಎಡಗೈಯಲ್ಲಿ ಹಿಡಿ ಹಿಡಿದು, ಅದೇ ರಭಸದಲ್ಲಿ ಹಂಚನ್ನು ಬೋರಲು ಮಾಡಿ ನಳ ಬಿಟ್ಟಳು. ಚುಂಯ್ ಎಂದಿತು. ನಾನು ಕೂತಲ್ಲಿಂದ ಹಾರಿ ಎದ್ದೆ.

"ಅವ್ವಾ! ನಿನ್ನೆ ಅಷ್ಟ ಓದಿ ಹೇಳಿದ್ನೆಲ್ಲಾ! ನೀರ ಹಾಕಬ್ಯಾಡ ಅಂತ!"

"ತೊಳ್ಯೂಮುಂದ ಹಾಕಬ್ಯಾಡ ಅಂದಿ. ನಾ ತೊಳ್ಯಾಕತ್ತಿಲ್ಲಲ್ಲ, ಆರಸಾಕತ್ತೇನಿ."

ನಾನು ಅವಳಿಗೆ ಪಾಠ ಶುರುಮಾಡಿದೆ. ಒಳಗಿನ ಲೇಪ ಬೇರೆ, ಕೆಳಗಿನ ಲೋಹ ಬೇರೆ. ಬಿಸಿಗೆ ಎರಡೂ ಹಿಗ್ಗುತ್ತವೆ, ಒಂದು ಹೆಚ್ಚು, ಒಂದು ಕಡಿಮೆ. ಒಮ್ಮೆಲೇ ತಣ್ಣೀರು ಬಿದ್ದರೆ ಲೋಹ ಗಕ್ಕನೆ ಕುಗ್ಗುತ್ತದೆ, ಲೇಪ ಅಷ್ಟು ಬೇಗ ಕುಗ್ಗುವುದಿಲ್ಲ, ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ, ಬಿರುಕಿನಲ್ಲಿ ಎಣ್ಣೆ ಕೂತು ಸುಡುತ್ತದೆ, ಆಮೇಲೆ ಅಂಟುತ್ತದೆ. ತಳವೂ ಸೊಟ್ಟಗಾಗುತ್ತದೆ. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವ್ವ ಎಲ್ಲ ಕೇಳಿ, "ಹಂಗಾರ ಎರಡನೇದು ಹೆಂಗ ತಟ್ಟಲಿ?" ಎಂದು ಕೇಳಿದಳು.

"ಆರೂತನಾ ಕಾಯಿ."

"ನಾಕು ಮಾಡೂದ್ರಾಗ ನಿನ್ನ ಹೇಂತಿ ಸಾಲಿ ಬಿಟ್ಟ ಬಂದಿರತಾಳ."

ಇನ್ನೊಂದು ದಾರಿ ತೋರಿಸಿದೆ. ಎಣ್ಣೆ ಕಾಗದದ ಮೇಲೆ ತಟ್ಟಿ, ಅಂಗೈ ಮೇಲೆ ತಿರುವಿ ಹಾಕಿಕೊಂಡು ಹಂಚಿಗೆ ಹಾಕುವುದು. ಆದರೆ ತಿರುವಲು ಮಣಿಕಟ್ಟು ತಿರುಗಬೇಕಲ್ಲ. ಅವಳದು ತಿರುಗುತ್ತಿರಲಿಲ್ಲ. ಎರಡು ಸಲ ಪ್ರಯತ್ನಿಸಿದಳು, ಎರಡೂ ಸಲ ಹಸಿ ಹಿಟ್ಟು ಒಲೆಯ ಮೇಲೆ ಬಿತ್ತು. ಬೆಂಕಿಗೆ ಬಿದ್ದ ಹಿಟ್ಟನ್ನು ಒರೆಸುವ ಕೆಲಸ ನನ್ನದಾಯಿತು, ಮೈ ಪರಚಿಕೊಳ್ಳುವಂತಾಯಿತು.

ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ, "ಇನ್ನೊಂದು ಇಂಥಾದ್ದಽ ತಂದಬಿಡ್ರಿ. ಒಂದು ಆರೂತನಾ ಇನ್ನೊಂದರ ಮ್ಯಾಲೆ ತಟ್ಟಲಿ" ಎಂದಳು. ಎಷ್ಟು ಸರಳವಾದ ಮಾತು. ಆದರೆ ನನ್ನೊಳಗಿನ ವರ್ಕ್‌ಶಾಪಿನ ಮಾಸ್ತರ ಒಪ್ಪಲಿಲ್ಲ. "ಮೊದಲು ಇದ್ದದ್ದೊಂದನ್ನ ನೆಟ್ಟಗ ಬಳಸೂದು ಕಲೀರಿ, ಆಮ್ಯಾಲೆ ಎರಡನೇದು" ಎಂದೆ. ಅವಳು ಬಸ್ಸಿಗೆ ನಡೆದಳು.

ಅಲ್ಲಿಂದ ಮುಂದೆ ಮೂರು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದು ಪೊಲೀಸ್ ಕೆಲಸ. ನಾನು ಮನೆಯಲ್ಲಿದ್ದರೆ ಅವ್ವ ಎರಡು ಮಾಡಿ ಸುಮ್ಮನಾಗುತ್ತಿದ್ದಳು. ನಾನು ಕೆರೆಯ ಸುತ್ತ ವಾಕಿಂಗಿಗೆ ಹೋದೆನೆಂದರೆ ನಾಲ್ಕಾಗುತ್ತಿದ್ದವು. ಗೇಟು ತೆಗೆಯುವಾಗಲೇ ನನಗೆ ಚುಂಯ್ ಕೇಳಿಸುತ್ತಿತ್ತು. ಒಳಗೆ ಬಂದರೆ ಹಂಚು ಒಲೆಯ ಮೇಲೆ ಸಾಧುವಾಗಿ ಕೂತಿರುತ್ತಿತ್ತು, ಅವ್ವ ಅದಕ್ಕಿಂತ ಸಾಧುವಾಗಿ ನಿಂತಿರುತ್ತಿದ್ದಳು. ಒಮ್ಮೆ ತಂತಿಯ ಜುಂಗು ಹಾಕಿ ತಿಕ್ಕಿದ ಗೆರೆಗಳು ಕಂಡವು. ಇನ್ನೊಮ್ಮೆ ಹಂಚಿನೊಳಗೆ ಮಗುಚುವ ಸ್ಟೀಲಿನ ಚುಂಚಗ ಬಿದ್ದಿತ್ತು. ನಾನು ಮರದ್ದು ತಂದು ಕೊಟ್ಟಿದ್ದೆ, ಅದನ್ನು ಅವಳು ತುಳಸಿ ಕಟ್ಟೆಯ ಮಣ್ಣು ಕೆದರಲು ಇಟ್ಟುಕೊಂಡಿದ್ದಳು. ಸೂಚನೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಒಲೆಯ ಮೇಲಿನ ಟೈಲ್ಸಿಗೆ ಅಂಟಿಸಿದೆ. ಒಗ್ಗರಣೆ ಸಿಡಿದು ಅದು ವಾರದೊಳಗೆ ಹಳದಿಯಾಯಿತು.

ಮೂರನೇ ತಿಂಗಳು ಹಂಚು ಅಂಟಲು ಶುರುವಾಯಿತು. ಮೊದಲು ನಡುವೆ, ರೂಪಾಯಿಯಷ್ಟು ಜಾಗದಲ್ಲಿ. ಆಮೇಲೆ ಅಂಗೈಯಷ್ಟು. ತಳ ಉಬ್ಬಿ, ಒಲೆಯ ಮೇಲೆ ಇಟ್ಟರೆ ಅಲುಗಾಡುತ್ತಿತ್ತು. ಬಿಳುಪು ಹೋಗಿ ಚಹದ ಬಣ್ಣ ಬಂದಿತ್ತು. ನಾನು ಅಡಿಗೆ ಸೋಡಾ ಕಲಸಿ ಹಚ್ಚಿ, ಮೆತ್ತನೆ ಬಟ್ಟೆಯಿಂದ ಅರ್ಧ ತಾಸು ಉಜ್ಜಿದೆ. ಏನೂ ಆಗಲಿಲ್ಲ. ಅದೇ ಹೊತ್ತಿಗೆ ಅವ್ವ ಹಿಟ್ಟಿನ ಬುಟ್ಟಿ ಹಿಡಿದುಕೊಂಡು ಒಳಗೆ ಬಂದಳು. ನನ್ನ ಪಿತ್ತ ನೆತ್ತಿಗೇರಿತು.

"ನಿನ್ನ ಕೈಯಾಗ ಒಂದ ಸಾಮಾನ ಉಳ್ಯೂದಿಲ್ಲ" ಎಂದೆ. "ಇನ್ನ ಮ್ಯಾಲೆ ಒಲಿ ಕಡೆ ಬರಬ್ಯಾಡ. ನಾ ಮಾಡತೇನಿ, ನೀ ಕುಂತ ತಿನ್ನು."

ಅವ್ವ ಜಗಳಗಂಟಿ. ನನ್ನ ಮಾತಿಗೆ ಎರಡು ಮಾತು ತಿರುಗಿಸಿ ಕೊಡುವವಳು. ಅವತ್ತು ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಹೊರಗೆ ಹೋಗಿ ಕೂತಳು. ಸಂಜೆಗೆ ಸರಿಹೋಗುತ್ತದೆ ಅಂದುಕೊಂಡೆ. ಮರುದಿನ ಬೆಳಿಗ್ಗೆ ಅವಳು ಅಡಿಗೆಮನೆಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಕರೆಯಬೇಕಿತ್ತು. ಕರೆಯಲಿಲ್ಲ. ಖರೇ ಹೇಳಬೇಕೆಂದರೆ, ಅವಳು ಬರದಿದ್ದುದು ನನಗೆ ಹಾಯಾಗಿತ್ತು.

ನಾನು ಹೊಸ ಪ್ಯಾನು ತಂದೆ. ಅದಕ್ಕೆ ನಾನೊಬ್ಬನೇ ಒಡೆಯ. ಸಣ್ಣ ಉರಿ, ಮರದ ಚುಂಚಗ, ಎಣ್ಣೆ ಕಾಗದದ ಮೇಲೆ ತಟ್ಟಿದ ಥಾಲಿಪಟ್ಟು. ಆರುವ ತನಕ ಮುಟ್ಟುತ್ತಿರಲಿಲ್ಲ. ಆರಿದ ಮೇಲೆ ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆ ಸ್ಪಂಜು. ಒರೆಸಿ, ಹಳೆಯ ಬನಿಯನ್ನಿನ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಡುತ್ತಿದ್ದೆ. ಬೆಳಿಗ್ಗೆ ಒಂದರ ಹಿಂದೊಂದು ಬಿಸಿಬಿಸಿ ಹಾಕಿ ಹೊರಗೆ ಕಳಿಸುತ್ತಿದ್ದೆ. ಪಡಸಾಲೆಯಲ್ಲಿ ಅತ್ತೆ ಸೊಸೆ ಇಬ್ಬರೂ ಕೂತು ತಿನ್ನುತ್ತಿದ್ದರು. "ಹೆಂಗಾಗೈತಿ?" ಎಂದು ಒಳಗಿನಿಂದಲೇ ಕೂಗುತ್ತಿದ್ದೆ. "ಛಲೋ ಆಗೈತಿ" ಎಂದು ಅವ್ವ ಅಲ್ಲಿಂದಲೇ ಹೇಳುತ್ತಿದ್ದಳು. ಡಾಕ್ಟರಮ್ಮ ಹೇಳಿದ್ದು ನಡುನಡುವೆ ನೆನಪಾಗುತ್ತಿತ್ತು. ಚೆಂಡು ಇದೆಯಲ್ಲ, ಹಿಚುಕುತ್ತಾಳೆ ಬಿಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವಳು ಚೆಂಡು ಮುಟ್ಟುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಏಳೆಂಟು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ನನ್ನ ಥಾಲಿಪಟ್ಟು ನಡುವೆ ಹಿಡಿದುಕೊಂಡಿತು.

ನಂಬಲಾಗಲಿಲ್ಲ. ಉರಿ ನೋಡಿದೆ, ಸಣ್ಣದೇ ಇತ್ತು. ಎಣ್ಣೆ ಹಾಕಿದ್ದೆ. ಮರದ ಚುಂಚಗದಿಂದ ಬಿಡಿಸಲು ಹೋದರೆ ಅರ್ಧ ಬಂತು, ಅರ್ಧ ಅಲ್ಲೇ ಕೂತಿತು. ಮರುದಿನ ಇನ್ನೂ ಹೆಚ್ಚು ಅಂಟಿತು. ವಾರದಲ್ಲಿ ಅದೇ ರೂಪಾಯಿಯಷ್ಟು ಗುರುತು, ಅದೇ ಚಹದ ಬಣ್ಣ. ಒಂದು ಹನಿ ತಣ್ಣೀರು ಸೋಕಿರಲಿಲ್ಲ, ಒಂದು ತಂತಿ ತಾಗಿರಲಿಲ್ಲ. ಬೈಯಲು ಯಾರೂ ಸಿಗದೆ ನನ್ನ ತಲೆ ಚಿಟ್ಟು ಹಿಡಿಯಿತು. ಪ್ಯಾನನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋದೆ, ಅಂಗಡಿಯವನ ಮುಂದೆ ಕುಕ್ಕಿದೆ. ನಾನು ಹೇಗೆ ಬಳಸಿದೆ, ಹೇಗೆ ತೊಳೆದೆ, ಹೇಗೆ ಸುತ್ತಿಟ್ಟೆ, ಎಲ್ಲ ವರದಿ ಒಪ್ಪಿಸಿದೆ.

ಅವನು ಗಲ್ಲೆಯಿಂದ ಏಳಲೂ ಇಲ್ಲ. ಬೆರಳಿನಿಂದ ಪ್ಯಾನಿನ ನಡುವೆ ಸವರಿ ನೋಡಿದ.

"ಇದು ಇಷ್ಟಽ ರೀ ಸರ. ಹಚ್ಚಿದ್ದು ಸವೀತೈತಿ. ಹೆಂಗ ಜ್ವಾಕಿ ಮಾಡಿದ್ರೂ ಒಂದ ವರ್ಷ, ಭಾಳಂದ್ರ ಎರಡ ವರ್ಷ. ದಿನಾ ಥಾಲಿಪಟ್ಟು ಮಾಡೋ ಮನ್ಯಾಗ ಅಷ್ಟೂ ಇಲ್ಲ."

"ಮತ್ತ ನೀರ ಹಾಕಿದ್ರ?"

"ನೀರ ಹಾಕಿದ್ರ ನಾಕ ತಿಂಗಳು ಮೊದಲ ಹೋಗತೈತಿ. ಹಾಕಲಿಲ್ಲಂದ್ರ ನಾಕ ತಿಂಗಳು ಆಮ್ಯಾಲೆ ಹೋಗತೈತಿ. ನಮ್ಮವ್ವನೂ ನಳದ ಬುಡಕಽ ಹಿಡೀತಾಳ್ರಿ. ಹೋದಮ್ಯಾಲೆ ಇನ್ನೊಂದ ಒಯ್ದ ಕೊಡತೇನಿ." ಅಷ್ಟು ಹೇಳಿ ಅವನು ಬೇರೆ ಗಿರಾಕಿಯ ಕಡೆ ತಿರುಗಿದ.

ನಾಲ್ಕು ತಿಂಗಳು. ಚೀಲ ಹಿಡಿದುಕೊಂಡು ಬಸ್ಸಿನಲ್ಲಿ ನಿಂತು ಬರುವಾಗ ಅದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಯಾವುದೋ ಒಂದು ಲೇಪ ನಾಲ್ಕು ತಿಂಗಳು ಹೆಚ್ಚಿಗೆ ಬಾಳಲಿ ಎಂದು ನಾನು ಅವ್ವನನ್ನು ಒಲೆಯಿಂದ ಎಬ್ಬಿಸಿದ್ದೆ.

ಮುಂದಿನ ವಾರ ಅವಳನ್ನು ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ನಡುವೆ ಎರಡು ಸಲ ಹೋಗಬೇಕಿತ್ತು. ನೋವಿಲ್ಲ, ಬೇಡ ಎಂದು ಅವ್ವ ಅಂದಿದ್ದಳು, ನಾನೂ ಒತ್ತಾಯ ಮಾಡಿರಲಿಲ್ಲ. ಡಾಕ್ಟರಮ್ಮ ಅವಳ ಬಲಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ಮುಷ್ಟಿ ಕಟ್ಟಲು ಹೇಳಿದರು. ಬೆರಳು ಅರ್ಧದಲ್ಲೇ ನಿಂತವು. ಅಂಗೈಗೂ ಬೆರಳ ತುದಿಗೂ ನಡುವೆ ಒಂದು ನಿಂಬೆಹಣ್ಣು ಇಡುವಷ್ಟು ಜಾಗ ಉಳಿದಿತ್ತು. ಅವರು ತಾವೇ ಮೆಲ್ಲಗೆ ಒತ್ತಿ ನೋಡಿದರು, ಅವ್ವ ತುಟಿ ಕಚ್ಚಿಕೊಂಡಳು.

"ಮೊದಲಿನಕಿಂತ ಬಿರಸಾಗೈತಲ್ರಿ. ಥಾಲಿಪಟ್ಟು ತಟ್ಟೂದು ಬಿಟ್ರೇನ ಅಮ್ಮಾರ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಹೇಳಿಬಿಟ್ಟಳು, "ನನಗಽ ಬ್ಯಾಸರಾತವಾ. ವಯಸ್ಸಾತು, ಯಾರ ಮಾಡತಾರ ಅಂತ ಬಿಟ್ಟೆ. ಇಂವಾ ದಿನಾ ಹೇಳತಿದ್ದ, ನಾನಽ ಕೇಳಲಿಲ್ಲ."

ಡಾಕ್ಟರಮ್ಮ ಅವಳನ್ನು ಮೆತ್ತಗೆ ಗದರಿದರು. ಎಷ್ಟು ಮರಳಿ ಬರುತ್ತದೋ ಹೇಳಲಾಗದು, ಪ್ರಯತ್ನ ಮಾಡೋಣ ಎಂದರು. ನಾನೇ ಬಿಡಿಸಿದ್ದು ಎಂದು ಆಗ ಒಂದು ಮಾತು ಹೇಳಬಹುದಿತ್ತು. ನಾಚಿಕೆಯಾಯಿತು, ಹೇಳಲಿಲ್ಲ. ಅದಕ್ಕೆ ನನ್ನ ಮೇಲೆ ಇರುವಷ್ಟು ಸಿಟ್ಟು ನನಗೆ ಬೇರೆ ಯಾರ ಮೇಲೂ ಇಲ್ಲ.

ಮರುದಿನ ಹೆಂಡತಿ ತಾಲೂಕಿನ ಯಾವುದೋ ಸಭೆಯಿದೆ ಎಂದು ಬೇಗ ಹೊರಟುಹೋದಳು. ನಾನು ಹಿಟ್ಟು ಕಲಸಿ, ಇನ್ನೊಂದು ಹೊಸ ಪ್ಯಾನಿಗೆ ಎಣ್ಣೆ ಸವರಿ ಅವ್ವನನ್ನು ಕರೆದೆ. "ಬಾ, ತಟ್ಟು. ನಳಾ ಬಿಡು, ಏನ ಬೇಕಾದ್ದ ಮಾಡು, ನಾ ಏನೂ ಅನ್ನೂದಿಲ್ಲ" ಎಂದೆ. ಅವಳು ಬಂದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಉಂಡೆಯನ್ನು ನಡುವೆ ಇಟ್ಟು ಬೆರಳು ಊರಿದಳು. ಬೆರಳು ಬಾಗಲಿಲ್ಲ. ಅಂಗೈಯ ಬುಡದಿಂದ ಒತ್ತಿದಳು. ಉಂಡೆ ಒಂದು ಕಡೆ ಚಪ್ಪಟೆಯಾಗಿ ಇನ್ನೊಂದು ಕಡೆ ದಪ್ಪಗೆ ಉಳಿಯಿತು. ಎಡಗೈ ಸೇರಿಸಿ ಮತ್ತೆ ಒತ್ತಿದಳು. ಹಂಚು ಕಟ್ಟೆಯ ಮೇಲೆ ತಿರುಗಿತೇ ಹೊರತು ಹಿಟ್ಟು ಅಗಲಲಿಲ್ಲ. ಐದು ನಿಮಿಷ ಒದ್ದಾಡಿರಬೇಕು. ಆಮೇಲೆ ಕೈ ತೊಳೆದುಕೊಂಡಳು.

"ನಾಳೆ ನೋಡೂಣಂತ. ಹಸಿವಿ ಆಗೈತಿ, ನೀನಽ ಮಾಡಿ ಹಾಕು."

ಎರಡು ಮಾಡಿದೆ. ಅವತ್ತು ಮನೆಯಲ್ಲಿ ನಾವಿಬ್ಬರೇ ಇದ್ದುದರಿಂದ ಬಹಳ ದಿನಗಳ ಮೇಲೆ ಪಡಸಾಲೆಯಲ್ಲಿ ಅವಳ ಎದುರಿಗೆ ಕೂತೆ. ತಾಟು ಅವಳ ಮುಂದಿತ್ತು, ಮೊಸರು ಇತ್ತು, ಶೇಂಗಾ ಚಟ್ನಿ ಇತ್ತು. ಅವಳು ತಿನ್ನಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿದಳು, ತಾಟಿನ ಕಡೆ ನೋಡಿದಳು.

"ತಿನ್ನವಾ, ಆರತೈತಿ."

"ಒಂದೀಟು ಮುರದ ಕೊಡು" ಎಂದಳು.

ನನಗೆ ತಕ್ಷಣ ತಿಳಿಯಲಿಲ್ಲ. ಬಲಗೈ ತಾಟಿನ ಅಂಚಿನಲ್ಲಿ ಸುಮ್ಮನೆ ಇತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ಒಂದು ತುತ್ತು ಮುರಿಯುವ ಬಿಗಿ ಉಳಿದಿರಲಿಲ್ಲ.

"ದಿನಾ ಹೆಂಗ ತಿಂತಿದ್ದಿ?"

"ನಿನ್ನ ಹೇಂತಿ ಮುರದ ಇಟ್ಟಽ ಸಾಲಿಗೆ ಹೋಗತಾಳ. ನಾಕೈದ ತಿಂಗಳಾತು. ಮಧ್ಯಾಹ್ನ, ರಾತ್ರಿ ಅನ್ನಾ ಚಮಚಾಲೆ ನಡೀತೈತಿ. ನಾನಽ ಹೇಳಬ್ಯಾಡ ಅಂದಿದ್ದೆ."

ತಾಟನ್ನು ನನ್ನ ಕಡೆ ಎಳೆದುಕೊಂಡು ಥಾಲಿಪಟ್ಟನ್ನು ಸಣ್ಣ ಸಣ್ಣ ತುಂಡು ಮಾಡಿದೆ. ನಾಲ್ಕೈದು ತಿಂಗಳು ಪ್ರತಿ ಬೆಳಿಗ್ಗೆ ಇದೇ ಪಡಸಾಲೆಯಲ್ಲಿ ನನ್ನ ಅವ್ವನಿಗೆ ಇನ್ನೊಬ್ಬರು ತುತ್ತು ಮುರಿದು ಕೊಟ್ಟಿದ್ದರು, ಹತ್ತು ಹೆಜ್ಜೆ ಆಚೆ ಒಳಗೆ ನಾನು ಪ್ಯಾನು ಒರೆಸುತ್ತ ನಿಂತಿದ್ದೆ.